ಟೆಸ್ಟೋ 270: ಫುಡ್ ಟ್ರಕ್‌ನ ಬಾಣಲೆಗೆ ಎಣ್ಣೆ ಮೀಟರ್ ಬೇಕೇ?

ಬಜ್ಜಿ, ಗೋಬಿ ಮಂಚೂರಿ, ಕಬಾಬ್ ಕರಿಯುವ ಗಾಡಿಗಳಲ್ಲಿ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆಯನ್ನು ಚೆನ್ನಾಗಿ ಫ್ರೇಮ್ ಹಾಕಿಸಿ ತೂಗುಹಾಕಿರುತ್ತಾರೆ, ಬಾಣಲೆಯ ಎಣ್ಣೆ ಮಾತ್ರ ಕಣ್ಣಂದಾಜಿನ ಮೇಲೆ ನಡೆಯುತ್ತದೆ. ನಿಯಮ ಸ್ಪಷ್ಟವಾಗಿದೆ: 2018ರ ಜುಲೈ 1ರಿಂದ ಕರಿಯುವ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ (ಟಿಪಿಸಿ), ಅಂದರೆ ಎಣ್ಣೆ ಕಾದು ಒಡೆದಂತೆಲ್ಲ ಹೆಚ್ಚುವ ಪದಾರ್ಥಗಳು, ಶೇ 25 ದಾಟುವಂತಿಲ್ಲ. ದಾಟಿದ ಎಣ್ಣೆಯಲ್ಲಿ ಕರಿಯುವುದು ನಿಯಮಬಾಹಿರ. ಜರ್ಮನಿಯ ಟೆಸ್ಟೋ ಕಂಪನಿಯ ಕೈಮೀಟರ್ ಟೆಸ್ಟೋ 270 ಅಳೆಯುವುದು ಈ ಟಿಪಿಸಿಯನ್ನೇ.

ಎಣ್ಣೆಯ ಬಣ್ಣ ನೋಡಿ ತೀರ್ಮಾನಿಸುವ ಅಭ್ಯಾಸ ಎರಡೂ ಕಡೆ ಮೋಸ ಮಾಡುತ್ತದೆ. ಅಚ್ಚಖಾರದ ಪುಡಿ, ಮಸಾಲೆ ಬಿದ್ದ ಎಣ್ಣೆ ಇನ್ನೂ ಬಳಸುವಂತಿದ್ದರೂ ಬೇಗ ಕಪ್ಪಾಗುತ್ತದೆ. ಬರೀ ಪೂರಿ ಕರಿದ ಎಣ್ಣೆ ತಿಳಿಯಾಗಿಯೇ ಕಂಡು, ಒಳಗೊಳಗೆ ಕೆಟ್ಟಿರಬಹುದು. ಮೀಟರ್‌ನ ತುದಿಯಲ್ಲಿರುವ ಸೆನ್ಸರ್ ಎಣ್ಣೆಯ ವಿದ್ಯುತ್ ಗುಣವನ್ನು ಅಳೆಯುತ್ತದೆ. ಎಣ್ಣೆ ಒಡೆದಷ್ಟೂ ಆ ಗುಣ ಬದಲಾಗುತ್ತದೆ, ಅದೇ ಶೇಕಡಾವಾರಾಗಿ ಪರದೆಯಲ್ಲಿ ಬರುತ್ತದೆ. ಅಳತೆಯ ವ್ಯಾಪ್ತಿ ಶೇ 0ಯಿಂದ 40. ಎಣ್ಣೆ 40ರಿಂದ 200 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಸುಮಾರು ಅರ್ಧ ನಿಮಿಷದಲ್ಲಿ ಉತ್ತರ, ಜೊತೆಗೆ ಹಸಿರು, ಹಳದಿ, ಕೆಂಪು ದೀಪ.

ಇದರ ನಿಖರತೆ ಎರಡು ಅಂಶ ಆಚೆ ಈಚೆ. ಪರದೆಯಲ್ಲಿ 24 ಬಂದರೆ ನಿಜವಾದ ಅಂಕಿ 26 ಇರಬಹುದು. ಕೆಂಪು ದೀಪದ ಮಿತಿಯನ್ನು ನಾವೇ ಹೊಂದಿಸಿಕೊಳ್ಳಬಹುದಾದ್ದರಿಂದ, ಅದನ್ನು 25ರಲ್ಲಿ ಬಿಡದೆ 22ಕ್ಕೆ ಇಳಿಸಿಕೊಳ್ಳಿ. ತಪಾಸಣೆಗೆ ಬರುವ ಆಹಾರ ಸುರಕ್ಷತಾ ಅಧಿಕಾರಿಯ ಕೈಯಲ್ಲೂ ಇಂಥದೇ ಮೀಟರ್ ಇರಬಹುದು. ಆದರೆ ಪ್ರಕರಣಕ್ಕೆ ಆಧಾರವಾಗುವುದು ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದ ವರದಿಯೇ. ಹಾಗಾಗಿ ನಿಮ್ಮ ಮೀಟರ್‌ನ ಅಂಕಿಯನ್ನು ಕಾನೂನಿನ ಸರ್ಟಿಫಿಕೇಟ್ ಅಂದುಕೊಳ್ಳಬೇಡಿ, ಅದು ಎಚ್ಚರಿಕೆಯ ಗಂಟೆ.

ಫುಡ್ ಟ್ರಕ್‌ನಲ್ಲಿ ತೊಡಕು ಇರುವುದು ಬಾಣಲೆಯ ಆಕಾರದಲ್ಲಿ. ಸೆನ್ಸರ್ ಮೇಲಿನ ಕನಿಷ್ಠ ಗುರುತಿನವರೆಗೂ ಎಣ್ಣೆಯಲ್ಲಿ ಮುಳುಗಬೇಕು, ಲೋಹದಿಂದ ಕನಿಷ್ಠ ಒಂದು ಸೆಂಟಿಮೀಟರ್ ದೂರವಿರಬೇಕು. ಮೂರು ಲೀಟರ್ ಎಣ್ಣೆಯ ಗುಂಡುತಳದ ಬಾಣಲೆಯಲ್ಲಿ ಇದು ಸುಲಭವಲ್ಲ. ತುದಿ ತಳಕ್ಕೆ ತಾಗಿದರೆ ಅಂಕಿ ಅಡ್ಡಾದಿಡ್ಡಿ. ಆಗ ಬಿಸಿ ಎಣ್ಣೆಯನ್ನು ಅಗಲ ಬಾಯಿಯ, ಆಳವಾದ ಸ್ಟೀಲ್ ಪಾತ್ರೆಗೆ ತೆಗೆದು ಅಲ್ಲಿ ಅಳೆಯಿರಿ. ಗಾಡಿ ನಿಂತಿರಬೇಕು, ಒಲೆ ಆರಿರಬೇಕು. ಕೊನೆಯ ತಟ್ಟೆ ತೆಗೆದ ಮೇಲೆ ಐದು ನಿಮಿಷ ಕಾಯಿರಿ: ಗುಳ್ಳೆ ಏಳುತ್ತಿದ್ದರೆ ಒಳಗೆ ನೀರಿದೆ ಎಂದರ್ಥ, ನೀರು ಅಂಕಿಯನ್ನು ಏರಿಸುತ್ತದೆ. ಇಂಡಕ್ಷನ್ ಒಲೆ ಚಾಲೂ ಇದ್ದಾಗ ಅಳೆಯಲೇಬೇಡಿ.

ಹೊಸ ಎಣ್ಣೆ ಸುರಿದ ದಿನವೇ ಒಮ್ಮೆ ಅಳೆದು ಬರೆದಿಡಿ. ತಾಳೆ ಎಣ್ಣೆಯ ಆರಂಭದ ಅಂಕಿ ಸೂರ್ಯಕಾಂತಿಗಿಂತ ಹೆಚ್ಚಿರುತ್ತದೆ. ಶುದ್ಧ ಕೊಬ್ಬರಿ ಎಣ್ಣೆಯಲ್ಲಿ ಕರಿಯುವ ಕರಾವಳಿಯ ಗಾಡಿಗಳಿಗೆ ಈ ಮೀಟರ್ ಅಷ್ಟಾಗಿ ಹೊಂದುವುದಿಲ್ಲ, ಎಣ್ಣೆ ತಾಜಾ ಇದ್ದಾಗಲೂ ಅಂಕಿ ಹೆಚ್ಚು ತೋರಬಹುದು. ಇದು ದೊಡ್ಡ ಕೊರತೆಯೇ.

ಅಂಕಿ ಬೇಗ ಏರುತ್ತಿದ್ದರೆ ಮೊದಲು ಉರಿ ನೋಡಿ: 180 ಡಿಗ್ರಿ ಮೀರಬಾರದು. ಬಾಣಲೆಯ ಮೇಲೆಯೇ ಉಪ್ಪು ಉದುರಿಸುವುದು, ಒದ್ದೆ ಹೂಕೋಸು ಹಾಕುವುದು, ಕಂತಿದ ಹಿಟ್ಟಿನ ಚೂರು ಸೋಸದೆ ರಾತ್ರಿಯಿಡೀ ಬಿಡುವುದು, ತಾಮ್ರ ಹಿತ್ತಾಳೆಯ ಪಾತ್ರೆ, ಇವೆಲ್ಲ ಎಣ್ಣೆಯನ್ನು ಬೇಗ ಒಡೆಯುತ್ತವೆ. ಹಳೆಯದಕ್ಕೆ ಹೊಸದು ಬೆರೆಸುವ ಉಪಾಯ ಎಲ್ಲರಿಗೂ ಗೊತ್ತು. 24 ಇರುವ ನಾಲ್ಕು ಲೀಟರ್‌ಗೆ 5 ಇರುವ ಒಂದು ಲೀಟರ್ ಸುರಿದರೆ ಪರದೆಯಲ್ಲಿ ಸುಮಾರು 20 ಬರುತ್ತದೆ, ಆದರೆ ಒಡೆದ ಎಣ್ಣೆ ಎಲ್ಲೂ ಹೋಗಿಲ್ಲ. ಹೊಸದನ್ನೂ ತನ್ನ ಜೊತೆ ಬೇಗ ಕೆಡಿಸುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ, ತಿನ್ನುವವರಲ್ಲಿ ಮಕ್ಕಳೂ ಇರುತ್ತಾರೆ.

ಎಣ್ಣೆಯಲ್ಲಿ ಅದ್ದಿ ನೋಡುವ ಅಗ್ಗದ ಕಾಗದದ ಪಟ್ಟಿ ಸಾಕಲ್ಲವೇ ಎಂದು ಕೇಳುವವರಿಗೆ: ಅಂಥ ಪಟ್ಟಿಗಳಲ್ಲಿ ಹಲವು ಅಳೆಯುವುದು ಮುಕ್ತ ಕೊಬ್ಬಿನಾಮ್ಲವನ್ನು, ಅದು ಎಣ್ಣೆ ಕೆಟ್ಟಾಗ ಹೆಚ್ಚುವ ಬೇರೊಂದು ಅಂಶ. ಕಾನೂನು ಕೇಳುವುದು ಟಿಪಿಸಿ. ಪೊಟ್ಟಣದ ಮೇಲೆ ಏನು ಬರೆದಿದೆ ಓದಿ ಕೊಳ್ಳಿ.

ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು ದಾಖಲೆ ಇಡುವುದು ಕಡ್ಡಾಯ. ಸಾಮಾನ್ಯ ಗಾಡಿ ಅಷ್ಟು ಮುಟ್ಟುವುದಿಲ್ಲ, ಆದರೂ ಒಂದು ನೋಟ್‌ಬುಕ್ ಇರಲಿ: ದಿನಾಂಕ, ಎಣ್ಣೆಯ ಹೆಸರು, ಉಷ್ಣತೆ, ಅಂಕಿ, ತೆಗೆದ ಲೀಟರ್, ಒಯ್ದವರ ರಸೀದಿ. ತೆಗೆದ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ, ಇನ್ನೊಂದು ಗಾಡಿಗೆ ಮಾರದೆ, ಎಫ್‌ಎಸ್‌ಎಸ್‌ಎಐ 2018ರಲ್ಲಿ ಶುರುಮಾಡಿದ ರುಕೋ, ಅಂದರೆ ಬಳಸಿದ ಅಡುಗೆ ಎಣ್ಣೆಯನ್ನು ಬೇರೆ ಉಪಯೋಗಕ್ಕೆ ತಿರುಗಿಸುವ ಯೋಜನೆಯ ಅಧಿಕೃತ ಸಂಗ್ರಹಕಾರರಿಗೆ ಕೊಡಿ. ಅಲ್ಲಿಂದ ಅದು ಬಯೋಡೀಸೆಲ್ ಆಗುತ್ತದೆ.

ಮೀಟರ್ ಕೈಗೆ ಗಟ್ಟಿ, ನಲ್ಲಿ ನೀರಲ್ಲಿ ತೊಳೆಯಬಹುದು, ಎರಡು ಸಣ್ಣ ಸೆಲ್ ಸಾಕು. ಸೆನ್ಸರನ್ನು ಚಾಕು, ತಂತಿಗುಂಜಿನಿಂದ ಕೆರೆದರೆ ಮುಗಿಯಿತು. ಬಿಸಿ ಆರಿದ ಮೇಲೆ ಸೋಪಿನ ನೀರು, ಮೆತ್ತನೆಯ ಕಾಗದ ಅಷ್ಟೇ. ಸರಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸಲು ರೆಫರೆನ್ಸ್ ಎಣ್ಣೆ, ಅಂದರೆ ಅಂಕಿ ಮೊದಲೇ ಗೊತ್ತಿರುವ ಎಣ್ಣೆ, ಸಿಗುತ್ತದೆ. ವಾರಕ್ಕೆರಡು ದಿನ ಮಾತ್ರ ಕರಿಯುವ ಒಂದೇ ಬಾಣಲೆಯ ಗಾಡಿಗೆ ಮೀಟರ್‌ನ ಬೆಲೆ ಹೊರೆ, ಅವರು ಪ್ರತಿ ಸಲ ಎಣ್ಣೆ ಬದಲಿಸುವುದೇ ಅಗ್ಗ. ದಿನವೂ ಕರಿಯುವ ಎರಡು ಮೂರು ಗಾಡಿಯವರು ಸೇರಿ ಒಂದು ಕೊಂಡು, ಸಂಜೆ ಸರದಿಯಂತೆ ಬಳಸಬಹುದು.