ಅಗ್ಗದ ಸ್ಮಾರ್ಟ್ ಪ್ಲಗ್, ದುಬಾರಿ ರೂಟರ್: ನಮ್ಮ ಮನೆಯ ಅನುಭವ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಎರಡಂತಸ್ತಿನ ಮನೆ. ಮೂರು ಪೆಟ್ಟಿಗೆಗಳು ಸೇರಿ ಇಡೀ ಮನೆಗೆ ಒಂದೇ ವೈಫೈ ಹಂಚುವ ವೈಫೈ 7 ಮೆಶ್ ರೂಟರ್ ಹಾಕಿಸಿದ್ದೇವೆ. ಆ ದುಡ್ಡಿಗೆ ಒಳ್ಳೆಯ ಫ್ರಿಜ್ ಬರುತ್ತಿತ್ತು. ಅದೇ ಮನೆಯಲ್ಲಿ ಮಾವನವರ ಬಚ್ಚಲಿನ ಗೀಸರ್‌ಗೆ ಫೋನಿನಿಂದಲೇ ಆನ್-ಆಫ್ ಮಾಡಬಲ್ಲ 16 ಆಂಪಿಯರ್ ಸ್ಮಾರ್ಟ್ ಪ್ಲಗ್ ಇದೆ, ನಡುಮನೆಯಲ್ಲಿ 9 ವಾಟಿನ ಸ್ಮಾರ್ಟ್ ಬಲ್ಬುಗಳಿವೆ. ಒಂದಕ್ಕೂ ಸಾವಿರ ರೂಪಾಯಿ ದಾಟಿಲ್ಲ. ಈ ವಿಮರ್ಶೆ ಪ್ಲಗ್ಗಿನದ್ದೇ, ಆದರೆ ಅದು ನೆಟ್ಟಗೆ ಕೆಲಸ ಮಾಡುವುದು ಅರ್ಧ ರೂಟರ್ ಕೈಯಲ್ಲಿರುವುದರಿಂದ ಅದರ ಮಾತೂ ಬರುತ್ತದೆ. ಎರಡರ ಬ್ರ್ಯಾಂಡ್ ಹೆಸರನ್ನೂ ಬರೆಯುತ್ತಿಲ್ಲ. ಮುಂದೆ ಹೇಳುವ ತೊಂದರೆ ಯಾವುದೋ ಒಂದು ಕಂಪನಿಯದ್ದಲ್ಲ.

ಪ್ಲಗ್ ಬಂದ ದಿನ ಅದರ ನೀಲಿ ದೀಪ ಬೇಗ ಬೇಗ ಮಿಟುಕುತ್ತಲೇ ಇತ್ತು, ಆ್ಯಪ್ ನೂರರವರೆಗೆ ಎಣಿಸಿ 'ಸಾಧನ ಸಿಗಲಿಲ್ಲ' ಎನ್ನುತ್ತಿತ್ತು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಪ್ಲಗ್ ಡಬ್ಬಾ ಎಂದು ವಾಪಸ್ ಕಳಿಸಿಬಿಡುತ್ತಾರೆ. ಆದರೆ ಪ್ಲಗ್ ಸರಿಯಾಗಿಯೇ ಇತ್ತು, ರೂಟರ್ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಈ ಬೆಲೆಯ ಸಾಮಾನುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ಬಿಟ್ಟರೆ ಬೇರೆ ಬ್ಯಾಂಡ್ (ವೈಫೈ ಓಡುವ ರೇಡಿಯೊ ತರಂಗದ ಪಟ್ಟಿ) ಇರುವುದಿಲ್ಲ. ಇಂಥವು ಇಷ್ಟು ಅಗ್ಗವಾಗಲು 2014ರಲ್ಲಿ ಬಂದ ಇಎಸ್‌ಪಿ8266ನಂಥ ಚಿಪ್‌ಗಳೇ ಕಾರಣ, ಅದೂ 2.4ರಲ್ಲಿ ಮಾತ್ರ ಕೆಲಸ ಮಾಡುವ ಚಿಪ್. ನಮ್ಮ ರೂಟರ್ ಮಾತ್ರ 2.4, 5, 6 ಮೂರಕ್ಕೂ ಒಂದೇ ಹೆಸರಿಟ್ಟು, ಎಲ್ಲಕ್ಕೂ ಡಬ್ಲ್ಯುಪಿಎ3 ಎಂಬ ಹೊಸ ಬಗೆಯ ವೈಫೈ ಭದ್ರತೆ ಹಾಕಿಕೊಂಡು ಕೂತಿತ್ತು. 6 ಗಿಗಾಹರ್ಟ್ಸ್‌ಗೆ ಡಬ್ಲ್ಯುಪಿಎ3 ಕಡ್ಡಾಯ, ನಿಜ. ಆದರೆ ಹಳೆಯ ಡಬ್ಲ್ಯುಪಿಎ2 ಮಾತ್ರ ಗೊತ್ತಿರುವ ಪ್ಲಗ್‌ಗೆ ಅಲ್ಲಿ ಬಾಗಿಲೇ ಇಲ್ಲ.

ಪರಿಹಾರ ರೂಟರ್ ಒಳಗೇ ಇತ್ತು. 'ಐಒಟಿ ನೆಟ್‌ವರ್ಕ್' (ಸ್ಮಾರ್ಟ್ ಸಾಮಾನುಗಳಿಗೆಂದೇ ಇರುವ ವೈಫೈ) ಅಂತ ಬೇರೆ ಹೆಸರು ಕೊಟ್ಟು, 2.4 ಮಾತ್ರ, ಡಬ್ಲ್ಯುಪಿಎ2 ಮಾತ್ರ ಎಂದು ಇಟ್ಟೆ. ಸಾಧನ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಬೇಗ ದಾಟಲು ಇರುವ ಫಾಸ್ಟ್ ರೋಮಿಂಗ್ ಆಫ್, ಚಾನೆಲ್ ಅಗಲ (ಬಳಸುವ ತರಂಗ ಪಟ್ಟಿಯ ಅಗಲ) 20 ಮೆಗಾಹರ್ಟ್ಸ್. ಅಷ್ಟು ಮಾಡಿದ ಮೇಲೆ ಪ್ಲಗ್ ಒಂದೇ ಸಲಕ್ಕೆ ಸೇರಿಕೊಂಡಿತು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಖಾಲಿ ಜಾಗ ಬಿಡದೆ ಇಡಿ. ಮನೆಯ ಮುಖ್ಯ ವೈಫೈಗೆ ನಾವು ಕನ್ನಡದಲ್ಲೇ ಹೆಸರಿಟ್ಟಿದ್ದೇವೆ, ನನಗೆ ಅದೇ ಇಷ್ಟ. ಆದರೆ ವೈಫೈ ಹೆಸರಿಗೆ 32 ಬೈಟ್ ಮಿತಿ. ಯೂನಿಕೋಡ್‌ನಲ್ಲಿ (ಯುಟಿಎಫ್-8 ರೂಪದಲ್ಲಿ) ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್, ಗುಣಿತವೂ ಒತ್ತೂ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಹತ್ತು ಚಿಹ್ನೆಗೇ ಜಾಗ ಮುಗಿಯುತ್ತದೆ. ಪ್ಲಗ್ಗಿನ ಆ್ಯಪ್‌ನಲ್ಲಿ ನಮ್ಮ ಮನೆಯ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡಿತು.

ಇಂಥ ಸಾಮಾನು ಸೇರಿಸಿದರೆ ಇಡೀ ಮನೆಯ ನೆಟ್ ನಿಧಾನವಾಗುತ್ತದೆ ಎಂದು ಹೇಳುವವರಿದ್ದಾರೆ. ನಮ್ಮಲ್ಲಿ ಹಾಗಾಗಲಿಲ್ಲ. ಪ್ಲಗ್ ಕಳಿಸುವುದೇ ಒಂದಿಷ್ಟು ಬೈಟ್, ಅದೂ 2.4ರಲ್ಲಿ. ನನ್ನ ಆಫೀಸಿನ ವಿಡಿಯೊ ಕಾಲ್ ಓಡುವುದು 5ರಲ್ಲಿ. ಒಂದಕ್ಕೊಂದು ಅಡ್ಡ ಬರುವುದಿಲ್ಲ.

ನನಗೆ ನಿಜವಾಗಿ ಬೇಸರ ತಂದದ್ದು ಕರೆಂಟಿನ ವಿಷಯ. ಕರೆಂಟ್ ಹೋಗಿ ಬಂದರೆ ಪ್ಲಗ್ ಕೆಲವೇ ಸೆಕೆಂಡಿನಲ್ಲಿ ಎದ್ದು ವೈಫೈ ಹುಡುಕುತ್ತದೆ, ಮೆಶ್ ಏಳಲು ನಿಮಿಷಗಳೇ ಬೇಕು. ಆ ನಡುವೆ ಒಂದೊಂದು ಬಲ್ಬು ಹುಡುಕಿ ಸಾಕಾಗಿ ಆಫ್‌ಲೈನ್ ಆಗಿ ಉಳಿದುಬಿಡುತ್ತದೆ, ಸ್ವಿಚ್ ಒತ್ತಿ ಎಬ್ಬಿಸಬೇಕು. ರೂಟರ್‌ಗೂ ಫೈಬರ್ ಪೆಟ್ಟಿಗೆಗೂ ಪುಟ್ಟ ಯುಪಿಎಸ್ ಹಾಕಿಸಿದ ಮೇಲೆ ಆ ಕಾಟ ನಿಂತಿತು. ಇನ್ನೊಂದು, ಕರೆಂಟ್ ಬಂದ ಕೂಡಲೇ ಪ್ಲಗ್ ಯಾವ ಸ್ಥಿತಿಯಲ್ಲಿರಬೇಕು ಎಂಬ ಆಯ್ಕೆ ಆ್ಯಪ್‌ನಲ್ಲಿ ಮೂಲೆಯಲ್ಲೆಲ್ಲೋ ಇರುತ್ತದೆ. ಗೀಸರ್ ಪ್ಲಗ್‌ಗೆ ಅದನ್ನು 'ಆಫ್' ಮಾಡಲೇಬೇಕು. ಹಿರಿಯರಿರುವ ಮನೆಯಲ್ಲಿ, ಯಾರೂ ಹಾಕದ ಗೀಸರ್ ತಾನಾಗಿ ಉರಿಯುತ್ತಾ ಕೂರಬಾರದು. ಈ ಆಯ್ಕೆಯೇ ಇಲ್ಲದ ಪ್ಲಗ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಗೀಸರ್‌ಗೆ ಬೇಡ. ಆಂಪಿಯರ್ ಕೂಡ ನೋಡಿ. 3 ಕಿಲೊವಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ, 10 ಆಂಪಿಯರ್ ಪ್ಲಗ್‌ಗೆ ಅದನ್ನು ಸಿಕ್ಕಿಸುವುದು ಅಪಾಯ.

ಕೊರತೆ ಇಲ್ಲವೆಂದಲ್ಲ. ಐಒಟಿ ನೆಟ್‌ವರ್ಕನ್ನು ಮುಖ್ಯ ನೆಟ್‌ವರ್ಕಿನಿಂದ ಪೂರ್ತಿ ಬೇರೆ ಇಟ್ಟರೆ, ಪಕ್ಕದ ಕೋಣೆಯ ಪ್ಲಗ್‌ಗೆ ಹೋಗಬೇಕಾದ ಆದೇಶ ಕಂಪನಿಯ ಸರ್ವರ್‌ವರೆಗೆ ಹೋಗಿ ಬರುತ್ತದೆ. ಇಂಟರ್ನೆಟ್ ಇಲ್ಲದಿದ್ದರೆ ಆ್ಯಪ್ ಕೈಕಟ್ಟಿ ಕೂರುತ್ತದೆ. ನಾನು ಹಾಗೇ ಬಿಟ್ಟಿದ್ದೇನೆ, ಏಕೆಂದರೆ ಎಂದೂ ಅಪ್‌ಡೇಟ್ ಕಾಣದ ಸಾಮಾನು ನನ್ನ ಲ್ಯಾಪ್‌ಟಾಪ್ ಇರುವ ನೆಟ್‌ವರ್ಕಿನಲ್ಲಿ ಇರುವುದು ಬೇಡ. ಮಾವನವರಿಗೆ ಪ್ಲಗ್ಗಿನ ಮೇಲಿನ ಗುಂಡಿ ಇದ್ದೇ ಇದೆ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ.

ಪ್ಲಗ್‌ಗೆ ಐದಕ್ಕೆ ನಾಲ್ಕು. ರೂಟರ್‌ಗೆ ಮೂರೇ ಕೊಡುತ್ತೇನೆ: ಐಒಟಿ ನೆಟ್‌ವರ್ಕ್ ಸೌಲಭ್ಯವನ್ನು ಸೆಟ್ಟಿಂಗ್ಸ್‌ನ ನಾಲ್ಕನೇ ಪುಟದಲ್ಲಿ ಬಚ್ಚಿಡದೆ, ಮೊದಲ ಸಲ ಆನ್ ಮಾಡಿದಾಗಲೇ ಕೇಳಬೇಕಿತ್ತು.