ಹಳೆಯ ವಿಟೆಕ್‌ಗೆ ಹೆಡರ್ ಹಾಕಿಸುವವರು ದಯವಿಟ್ಟು ಓದಿ

ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಹಳೆಯ ಹೊಂಡಾ ಸಿಟಿ 1.5 ವಿಟೆಕ್ ಇಟ್ಟುಕೊಂಡವರು ಇನ್ನೂ ಇದ್ದಾರೆ. ನೋಡಲಿಕ್ಕೆ ನಾಲ್ಕು ಬಾಗಿಲಿನ ಸಂಸಾರದ ಕಾರು. ಆದರೆ 100 ದಾಟಿದ ಬಿಎಚ್‌ಪಿ, ಹಗುರ ಮೈ. ನಮ್ಮ ಊರಿನ ಹುಡುಗರಿಗೆ ಸ್ಪೋರ್ಟ್ಸ್ ಕಾರು ಅಂದರೆ ಅದೇ. ಈ ಕಾರಿನ ಎಂಜಿನ್ನಿನಿಂದ ಹೊಗೆ ಹೊರಗೆ ಒಯ್ಯುವ ಎರಕದ ಮ್ಯಾನಿಫೋಲ್ಡ್ ತೆಗೆಸಿ ಸ್ಟೀಲ್ ಪೈಪಿನ ಹೆಡರ್ ಹಾಕಿಸಬೇಕು ಅಂತ ಯೋಚಿಸುತ್ತಿದ್ದರೆ ಸ್ವಲ್ಪ ತಡೆಯಿರಿ. ಹಾಕಿಸಿ ಆಗಿದೆಯಾದರೆ ಮಕ್ಕಳನ್ನು ಕೂರಿಸಿಕೊಂಡು ದೂರ ಹೊರಡುವ ಮುಂಚೆ ಇದನ್ನು ಓದಿ. ನಮ್ಮ ಮನೆಯಲ್ಲಿ ವಿಷಯ ಮಗಳ ಜೀವದವರೆಗೆ ಹೋಗಿತ್ತು.

ಕಾರು ನನ್ನ ತಮ್ಮನದು, 2002ರ ಮಾಡೆಲ್. ಅವನು ದುಬೈಯಲ್ಲಿರುವುದರಿಂದ ಓಡಿಸುವವನು ನಾನೇ. ರಜೆಯಲ್ಲಿ ಬಂದಿದ್ದಾಗ ಅವನು ದೊಡ್ಡ ಊರಿನ ಒಬ್ಬ ಫ್ಯಾಬ್ರಿಕೇಟರ್ ಹತ್ತಿರ ಹೆಡರ್ ತರಿಸಿ ಹೈವೇ ಬದಿಯ ಒಂದು ವರ್ಕ್‌ಶಾಪಿನಲ್ಲಿ ಹಾಕಿಸಿದ. ಅಲ್ಲಿಯವರು ಹೇಳಿದ್ದು ಇಷ್ಟು: "ಪವರ್ ಹದಿನೈದಾದರೂ ಏರ್ತದೆ ಅಣ್ಣ. ಇದು 304 ಸ್ಟೀಲು, ಬೇಕಾದರೆ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟುವುದಿಲ್ಲ."

ಹೆಡರಿನ ತತ್ವ ಸುಳ್ಳಲ್ಲ. ನಾಲ್ಕು ಸಿಲಿಂಡರಿನ ಹೊಗೆಗೂ ಬೇರೆ ಬೇರೆ ಉದ್ದನೆಯ ಪೈಪು ಕೊಟ್ಟು ಸರಿಯಾದ ಜಾಗದಲ್ಲಿ ಸೇರಿಸಿದರೆ, ಒಂದರಿಂದ ಹೊರಟ ಹೊಗೆ ಇನ್ನೊಂದರದನ್ನು ಎಳೆದುಕೊಂಡು ಹೋಗುತ್ತದೆ. ಆದರೆ ಕ್ಯಾಮ್, ಇನ್‌ಟೇಕ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎಲ್ಲ ಕಂಪನಿಯದೇ ಇರುವಾಗ ಇದರಿಂದ ಸಿಗುವುದು ಮೇಲಿನ ಆರ್‌ಪಿಎಂನಲ್ಲಿ ಒಂದೆರಡು, ಹೆಚ್ಚೆಂದರೆ ನಾಲ್ಕೈದು ಬಿಎಚ್‌ಪಿ. ಪೈಪಿನ ಅಳತೆ ತಪ್ಪಿದರೆ ಕೆಳಗಿನ ಎಳೆತವೂ ಹೋಗುತ್ತದೆ. ಹದಿನೈದು ಎನ್ನುವುದು ಬರೀ ಬಾಯಿಮಾತು.

ಮ್ಯಾಗ್ನೆಟ್ಟಿನ ಮಾತನ್ನಂತೂ ನಂಬಲೇಬೇಡಿ. 304 ಅಂದರೆ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನ ಒಂದು ಗ್ರೇಡ್. ಅದಕ್ಕೆ ಮ್ಯಾಗ್ನೆಟ್ ಅಂಟುವುದಿಲ್ಲ, ಅದು ನಿಜ. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿಸಿದ ಅಗ್ಗದ 202ಕ್ಕೂ ಅಂಟುವುದಿಲ್ಲ. ಸಮುದ್ರದ ಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ 202 ಬಾಳುವುದಿಲ್ಲ. ನಮ್ಮದರಲ್ಲಿ ಒಂದು ಮಳೆಗಾಲ ಮುಗಿಯುವುದರೊಳಗೆ ವೆಲ್ಡಿಂಗಿನ ಗೆರೆಗುಂಟ ಕೆಂಪು ತುಕ್ಕು ಎದ್ದಿತ್ತು. ಗ್ರೇಡ್ ಬರೆದ ಬಿಲ್ ಕೇಳಿ. ಕೊಡಲಿಕ್ಕೆ ತಯಾರಿಲ್ಲದಿದ್ದರೆ ಆ ಅಂಗಡಿ ಬಿಟ್ಟುಬಿಡಿ.

ನಿಜವಾದ ಅಪಾಯ ಇರುವುದು ಹೆಡರ್ ಎಂಜಿನ್ ಹೆಡ್ಡಿಗೆ ಕೂರುವ ಜಾಗದಲ್ಲಿ. ಇಪ್ಪತ್ತು ವರ್ಷ ಬಿಸಿಯಾಗಿ, ತಣಿದು, ಉಪ್ಪುಗಾಳಿ ತಿಂದ, ನಟ್ಟು ಕೂರುವ ತಿರುಪು ಕಂಬಿಗಳಾದ ಸ್ಟಡ್‌ಗಳು ಅಲ್ಯೂಮಿನಿಯಂ ಹೆಡ್ಡಿನಲ್ಲಿ ಕಚ್ಚಿಕೊಂಡಿರುತ್ತವೆ. ಹಿಂದಿನ ದಿನವೇ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ನಟ್ಟನ್ನು ಚೂರು ಚೂರೇ ಹಿಂದೆ ಮುಂದೆ ಆಡಿಸಿ ಬಿಚ್ಚಬೇಕು. ಆ ವರ್ಕ್‌ಶಾಪಿನಲ್ಲಿ ಉದ್ದ ಪೈಪು ಸಿಕ್ಕಿಸಿ ಒಂದೇ ಎಳೆತಕ್ಕೆ ಬಿಚ್ಚಿದ್ದಾರೆ. ತುದಿಯ ಸ್ಟಡ್ ಮುರಿದಿದೆ. ಒಳಗೆ ಉಳಿದ ತುಂಡು ತೆಗೆಯಲು ಹೋಗಿ ಡ್ರಿಲ್ ಓರೆಯಾಗಿದೆ. ಇದನ್ನು ನಮಗೆ ಹೇಳಲಿಲ್ಲ. ಆ ಮೂಲೆಯಲ್ಲಿ ಬೋಲ್ಟೇ ಇಲ್ಲದೆ ಉಳಿದವನ್ನು ಜಾಸ್ತಿ ಬಿಗಿದು ಕಳುಹಿಸಿದರು. ಬಿಸಿ ತಡೆಯುವ ತಗಡು, ಕಂಪನಿಯ ಹೀಟ್ ಶೀಲ್ಡ್, ಹೊಸ ಪೈಪಿಗೆ ಕೂರುವುದಿಲ್ಲ ಅಂತ ಅದನ್ನೂ ತೆಗೆದಿಟ್ಟರು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಕತ್ತರಿಸಿ ಅದರ ಜಾಗಕ್ಕೆ ನೇರ ಪೈಪು ಹಾಕಿದರು. ಹಳೆಯದು ಎಲ್ಲಿ ಅಂದರೆ "ಗುಜರಿಗೆ ಹೋಯ್ತು" ಎಂಬ ಉತ್ತರ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವುದರಿಂದ ಗುಜರಿಯಲ್ಲೂ ಅದಕ್ಕೆ ಒಳ್ಳೆಯ ಬೆಲೆ ಉಂಟು. ಬಿಚ್ಚಿದ ಪ್ರತಿಯೊಂದು ಪಾರ್ಟನ್ನೂ ಡಿಕ್ಕಿಗೆ ಹಾಕಿ ಕೊಡಿ ಅಂತ ಮೊದಲೇ ಹೇಳಿಬಿಡಿ.

ತಮ್ಮ ದುಬೈಗೆ ಮರಳಿದ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮುಂದಿನಿಂದ ಟಿಕ್ ಟಿಕ್ ಅಂತ ಸದ್ದು ಬರಲು ಶುರುವಾಯಿತು. ಎಂಜಿನ್ ಬಿಸಿಯಾದರೆ ಕಡಿಮೆಯಾಗುತ್ತಿತ್ತು. ಮೈಲೇಜ್ ಇಳಿಯಿತು, ಪ್ಲಗ್ ಬಿಚ್ಚಿದರೆ ಮಸಿ. ಫೋನ್ ಮಾಡಿದಾಗ ವರ್ಕ್‌ಶಾಪಿನವರು "ಹೆಡರ್ ಅಂದಮೇಲೆ ಸ್ವಲ್ಪ ಸೌಂಡ್ ಉಂಟು ಅಣ್ಣ, ಅದು ಎಂತ ಇಲ್ಲ" ಅಂದರು. ಎಂತ ಇಲ್ಲದ್ದು ಅದಲ್ಲ. ತಣ್ಣಗಿರುವಾಗ ಟಿಕ್ ಟಿಕ್ ಅಂದು ಬಿಸಿಯಾದಾಗ ನಿಂತರೆ, ಲೋಹ ಹಿಗ್ಗಿ ಸಂದು ಸ್ವಲ್ಪ ಮುಚ್ಚಿದೆ ಅಂತ ಅರ್ಥ. ಸಂದು ಅಲ್ಲೇ ಇರುತ್ತದೆ. ಹೊಗೆ ಅದರಿಂದ ಹೊರಬರುವುದಷ್ಟೇ ಅಲ್ಲ, ಎರಡು ಹೊಗೆಬಡಿತಗಳ ನಡುವೆ ಹೊರಗಿನ ಗಾಳಿಯೂ ಒಳಕ್ಕೆ ಸೇರುತ್ತದೆ. ಹೊಗೆಪೈಪಿನಲ್ಲಿ ಮುಂದೆ ಕೂತಿರುವ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ಕಂಡು ಪೆಟ್ರೋಲ್ ಸಾಲುತ್ತಿಲ್ಲ ಎಂದು ವರದಿ ಕೊಡುತ್ತದೆ, ಇಸಿಯು ಇನ್ನಷ್ಟು ಸುರಿಯುತ್ತದೆ. ಪೆಟ್ರೋಲ್ ಹೆಚ್ಚಾದಷ್ಟೂ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚು. ಅದನ್ನು ಸುಟ್ಟು ಕಡಿಮೆ ಮಾಡಬೇಕಾದ ಕ್ಯಾಟ್ ಕೂಡ ಕಾರಿನಲ್ಲಿಲ್ಲ.

ಮಳೆಗಾಲದಲ್ಲಿ ಒಂದು ಮದುವೆಗೆಂದು ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ವಿಟ್ಲದ ಕಡೆ ಹೊರಟಿದ್ದೆವು. ಜೋರು ಮಳೆ, ಗಾಜು ಪೂರ್ತಿ ಮೇಲೆ. ಒಳಗಿನ ಮಂಜು ಹೋಗಲಿ ಅಂತ ಎಸಿ ಹಾಕಿ ಹೊರಗಿನ ಗಾಳಿ ಬರುವಂತೆ ಇಟ್ಟಿದ್ದೆ. ಪೆರ್ಲ ದಾಟುವಾಗ ಹಿಂದಿನ ಸೀಟಿನಲ್ಲಿದ್ದ ಮಗಳು ತಲೆನೋವು ಎಂದಳು, ಆಮೇಲೆ ವಾಂತಿ. ತಿರುವುಗಳ ರಸ್ತೆ ಅಲ್ಲವಾ, ಅದಕ್ಕೇ ಇರಬೇಕು ಎಂದಳು ಹೆಂಡತಿ. ಅಡ್ಕಸ್ಥಳದಲ್ಲಿ ಇಳಿಸಿ ಗಾಳಿಗೆ ನಿಲ್ಲಿಸಿದಾಗ ಚೇತರಿಸಿಕೊಂಡಳು. ಮತ್ತೆ ಹತ್ತಿ ಹೊರಟ ಮೇಲೆ ತೂಕಡಿಸತೊಡಗಿದಳು. ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ನನಗೂ ಹಣೆ ಬಿಗಿದು ಹಿಡಿದಿತ್ತು. ಗಾಜು ಇಳಿಸಿ, ಮಳೆ ಹೊಡೆಸಿಕೊಂಡೇ ಹತ್ತಿರದ ಕ್ಲಿನಿಕ್ಕಿಗೆ ಓಡಿಸಿದೆ. ಅಷ್ಟು ಹೊತ್ತಿಗೆ ಎಚ್ಚರವಾಗಿದ್ದಳು. ಬೆರಳಿನ ಕ್ಲಿಪ್ ಆಕ್ಸಿಜನ್ ಸರಿಯಾಗಿಯೇ ತೋರಿಸಿತು.

ಈ ಕ್ಲಿಪ್ಪಿನ ವಿಷಯ ಎಲ್ಲರೂ ತಿಳಿದಿರಬೇಕು. ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದನ್ನೂ ಮಾಮೂಲಿ ಕ್ಲಿಪ್ ಆಕ್ಸಿಜನ್ ಎಂದೇ ಲೆಕ್ಕ ಹಾಕುತ್ತದೆ. ಬೇರೆಯೇ ರಕ್ತಪರೀಕ್ಷೆ ಬೇಕು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದರ ಲಕ್ಷಣಗಳು ಘಾಟಿ ರಸ್ತೆಯ ತಲೆಸುತ್ತು, ವಾಂತಿಯ ಹಾಗೆಯೇ. ಕಾರಿನಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು ಬಂದರೆ, ಇಳಿದಾಗ ಕಡಿಮೆಯಾಗಿ ಹತ್ತಿದಾಗ ಮತ್ತೆ ಬಂದರೆ, ಕಾರಿನ ಹೊಗೆ ಒಳಗೆ ಬಂದಿರಬಹುದು ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ.

ಮರುದಿನ ಬದಿಯಡ್ಕದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ತೋರಿಸಿದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಗುವಿಗೆ ಮಾತ್ರವಾ, ನಿಮಗೂ ಇತ್ತಾ ತಲೆನೋವು?" ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಸೈಲೆನ್ಸರಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿಯಲು ಹುಡುಗನಿಗೆ ಹೇಳಿದರು. ಹೆಡರಿನ ಸಂದಿಗೆ ಸೋಪುನೀರು ಬಿಟ್ಟರೆ ತುದಿಯ ಪೋರ್ಟಿನಲ್ಲಿ (ಹೆಡ್ಡಿನಿಂದ ಹೊಗೆ ಹೊರಡುವ ತೂತಿನಲ್ಲಿ) ನೊರೆ ಉಕ್ಕಿತು. ಆ ಪೋರ್ಟಿನ ಸುತ್ತ ಕಾಡಿಗೆ ತೀಡಿದ ಹಾಗೆ ಮಸಿಯ ಗೆರೆ ಇತ್ತು. ಹೆಡರ್ ಬಿಚ್ಚಿ, ಹೆಡ್ಡಿಗೆ ಒತ್ತಿ ಕೂರುವ ಅದರ ಪಟ್ಟಿಯ, ಅಂದರೆ ಫ್ಲ್ಯಾಂಜಿನ ಮೇಲೆ ಉಕ್ಕಿನ ಸ್ಕೇಲ್ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟರು. ಮಧ್ಯದಲ್ಲಿ ಸ್ಕೇಲ್ ತಾಗಿತ್ತು, ತುದಿಗಳಲ್ಲಿ ಬೆಳಕು ಆಚೆಯಿಂದ ಈಚೆ ಬರುತ್ತಿತ್ತು. ಫ್ಲ್ಯಾಂಜ್ ಬರೀ 6 ಮಿಲಿಮೀಟರ್ ದಪ್ಪ, ವೆಲ್ಡಿಂಗಿನ ಬಿಸಿಗೇ ಬಾಗಿದೆ, ಆ ಮೇಲೆ ಯಾರೂ ಅದನ್ನು ಮಟ್ಟಸ ಮಾಡಿಲ್ಲ. ಅದೂ ಬೋಲ್ಟಿಲ್ಲದ ಮೂಲೆಯಲ್ಲೇ ಹೆಚ್ಚು ಎದ್ದಿತ್ತು. ಕೆಳಗೆ ಪೈಪುಗಳು ಕೂಡುವಲ್ಲಿ ಕೂದಲೆಳೆಯಷ್ಟು ಬಿರುಕೂ ಇತ್ತು. ಎಂಜಿನ್ ತನ್ನ ಮೌಂಟಿನ ಮೇಲೆ ಆಡುತ್ತಿರುತ್ತದೆ, ಆ ಆಟ ತಾಳಿಕೊಳ್ಳುವ ಫ್ಲೆಕ್ಸ್ ಪೈಪು ಕೊಟ್ಟಿರಲಿಲ್ಲ.

ಈ ಎಂಜಿನ್ನಿನಲ್ಲಿ ಹೊಗೆಯ ಕಡೆ ರೇಡಿಯೇಟರಿಗೆ ಮುಖಮಾಡಿದೆ. ಕಾರು ಓಡುವಾಗ ಮುಂದಿನಿಂದ ನುಗ್ಗುವ ಗಾಳಿ, ಸೋರಿದ ಹೊಗೆಯನ್ನು ಎಂಜಿನ್ನಿನ ಮೇಲಿಂದ ಹಿಂದಕ್ಕೆ ಒಯ್ಯುತ್ತದೆ. ಕ್ಯಾಬಿನ್ನಿಗೆ ಗಾಳಿ ಎಳೆಯುವ ಜಾಲರಿ ಇರುವುದು ಮುಂದಿನ ಗಾಜಿನ ಬುಡದಲ್ಲಿ. ಬಾನೆಟ್ಟಿನ ಹಿಂಬದಿಯ ರಬ್ಬರ್ ಈ ವಯಸ್ಸಿನ ಕಾರಿನಲ್ಲಿ ಒಣಗಿ ಬಿರುಕು ಬಿಟ್ಟಿರುತ್ತದೆ. ಹೊಗೆ ಆ ಸಂದಿನಿಂದ ಜಾಲರಿಗೆ, ಅಲ್ಲಿಂದ ಒಳಗೆ ಬರುತ್ತದೆ.

ಕಾನೂನನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡಿಗೆ ಅಡ್ಡ ಬರುತ್ತದೆ. 2019ರ ತಿದ್ದುಪಡಿಯ ನಂತರ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಹೊಗೆ, ಶಬ್ದದ ಮಿತಿ ಮೀರಿದರೆ ದಂಡ 10,000ದವರೆಗೆ ಹೋಗುತ್ತದೆ, ಮೂರು ತಿಂಗಳು ಲೈಸೆನ್ಸೂ ಇಲ್ಲ. 2002ರ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. ಕ್ಯಾಟ್ ಇಲ್ಲದ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸಲಿಕ್ಕೆ ಸಾಧ್ಯವಾ, ಯೋಚಿಸಿ.

ತಮ್ಮನ ಪುಣ್ಯಕ್ಕೆ ಹಳೆಯ ಮ್ಯಾನಿಫೋಲ್ಡ್ ಮನೆಯ ಅಟ್ಟದಲ್ಲಿತ್ತು. ಓರೆಯಾದ ತೂತನ್ನು ಮಂಗಳೂರಿನ ಒಂದು ಲೇತಿನಲ್ಲಿ ಸರಿಮಾಡಿಸಿ, ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ಸುರುಳಿ) ಕೂರಿಸಿ, ಸ್ಟಡ್‌ಗಳನ್ನೆಲ್ಲ ಹೊಸದು ಹಾಕಿಸಿದೆವು. ಕಂಪನಿಯ ಗ್ಯಾಸ್ಕೆಟ್, ಹೀಟ್ ಶೀಲ್ಡ್, ಬೇರೆ ಕ್ಯಾಟ್. ಹೆಡರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಖರ್ಚಾಯಿತು. ಆ ವರ್ಕ್‌ಶಾಪಿನವರು ಈಗ ಫೋನ್ ಎತ್ತುವುದಿಲ್ಲ.

ಇಷ್ಟಾದ ಮೇಲೂ ಹಾಕಿಸಲೇಬೇಕು ಎನ್ನುವವರು ಫ್ಲ್ಯಾಂಜ್ 10 ಮಿಲಿಮೀಟರಿಗೆ ಕಡಿಮೆ ಇದ್ದರೆ ತೆಗೆದುಕೊಳ್ಳಬೇಡಿ. ಸ್ಕೇಲ್ ಇಟ್ಟು ನಿಮ್ಮ ಕಣ್ಣೆದುರೇ ತೋರಿಸಲಿ. ಕ್ಯಾಟ್ ಮತ್ತು ಹೀಟ್ ಶೀಲ್ಡ್ ಇರಲೇಬೇಕು, ಆಕ್ಸಿಜನ್ ಸೆನ್ಸರ್ ಬಹಳ ಕೆಳಗೆ ಹೋಗಬಾರದು, ಸುಮಾರು 300 ಡಿಗ್ರಿ ಬಿಸಿ ಸಿಗದಿದ್ದರೆ ಅದು ಕೆಲಸ ಮಾಡುವುದಿಲ್ಲ. ಸ್ವಲ್ಪ ದಿನ ಓಡಿಸಿದ ಮೇಲೆ ನಟ್ಟುಗಳನ್ನು ನಡುವಿನಿಂದ ತುದಿಗೆ ಮತ್ತೊಮ್ಮೆ ಟಾರ್ಕ್ ಮಾಡಿಸಿ, ಅಂದರೆ ಸರಿಯಾದ ಅಳತೆಗೆ ಬಿಗಿಸಿ. ಹೆಡರ್ ಹಾಕಿದ ಹಳೆಯ ವಿಟೆಕ್ ಕೊಳ್ಳಲು ಹೋದರೆ ಬೆಳಿಗ್ಗೆಯೇ ಹೋಗಿ, ಸ್ಟಾರ್ಟ್ ಮಾಡದೆ ಇಡಲು ಮೊದಲೇ ಹೇಳಿ. ನೀವು ಮುಟ್ಟುವಾಗ ಎಂಜಿನ್ ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.