ಮುಕ್ತಿನಾಥದ ದಾರಿಗೆ ಯಾವ ಸ್ಟೌ? ನನ್ನ ಓಟು ಪಂಪ್ ಸ್ಟೌಗೆ

ತುಮಕೂರಿನಿಂದ ಕಾರಲ್ಲಿ ಹೊರಟು, ಸುನೌಲಿಯಲ್ಲಿ ನೇಪಾಳದ ಗಡಿ ದಾಟಿ, ಪೋಖರಾ, ಬೇನಿ, ಜೋಮ್‌ಸೋಮ್ ಮೇಲೆ ಮುಕ್ತಿನಾಥಕ್ಕೆ ಹತ್ತುವವರು ಟೆಂಟಿಗೆ ತಲೆ ಕೆಡಿಸಿಕೊಂಡಷ್ಟು ಸ್ಟೌಗೆ ಕೆಡಿಸಿಕೊಳ್ಳುವುದಿಲ್ಲ. ಆನ್‌ಲೈನಲ್ಲಿ ಚೆಂದ ಕಂಡ ಬ್ಯುಟೇನ್ ಸ್ಟೌ, ಜೊತೆಗೆ ನಾಲ್ಕು ಕ್ಯಾನ್, ಮುಗಿಯಿತು. ಕಟ್ಟಿಗೆ ಒಟ್ಟಿಕೊಂಡರಾಯಿತು ಅನ್ನುವ ಹಾಗೂ ಇಲ್ಲ, ಅನ್ನಪೂರ್ಣದ ಸುತ್ತಲಿನದು ಸಂರಕ್ಷಿತ ಪ್ರದೇಶ. ಬ್ಯುಟೇನ್ ಕ್ಯಾನ್, 5 ಕೆ.ಜಿ. ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆಯ ಪಂಪ್ ಸ್ಟೌ ಮೂರನ್ನೂ ಉರಿಸಿ ನೋಡಿದ ಮೇಲೆ ಅಜ್ಜಿ ಕಾಲದ ಹಿತ್ತಾಳೆ ಪಂಪ್ ಸ್ಟೌವೇ ವಾಸಿ ಅನ್ನುತ್ತೇನೆ.

ಬ್ಯುಟೇನ್ ಸ್ಟೌ ನಂದಿ ಬೆಟ್ಟದ ತಪ್ಪಲಲ್ಲಿ ಭರ್ಜರಿಯಾಗಿ ಉರಿಯುತ್ತದೆ. ಮೋಸ ಹೋಗುವುದು ಅಲ್ಲೇ. ಬ್ಯುಟೇನ್ ಕುದಿದು ಆವಿಯಾಗುವುದು ಸುಮಾರು ಸೊನ್ನೆ ಡಿಗ್ರಿಯಲ್ಲಿ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುವುದರಿಂದ ಇನ್ನೂ ಸ್ವಲ್ಪ ತಣ್ಣಗಿದ್ದರೂ ಆವಿಯಾದೀತು, ನಿಜ. ಆದರೆ ಉರಿಯುವಾಗ ಕ್ಯಾನ್ ತನ್ನನ್ನು ತಾನೇ ತಣ್ಣಗೆ ಮಾಡಿಕೊಳ್ಳುತ್ತದೆ. ಬೆಳಗಿನ ಜಾವ ಎರಡು ಮೂರು ಡಿಗ್ರಿ ಚಳಿಯಲ್ಲಿ ಹಚ್ಚಿದರೆ ಐದು ನಿಮಿಷಕ್ಕೆ ಕ್ಯಾನಿನ ಹೊಟ್ಟೆ ಮೇಲೆ ಹಿಮದ ಪುಡಿ ಕೂರುತ್ತದೆ, ಉರಿ ಮೋಂಬತ್ತಿಯಷ್ಟಾಗುತ್ತದೆ. ಅಲುಗಾಡಿಸಿದರೆ ಒಳಗೆ ಅರ್ಧ ಗ್ಯಾಸ್ ಗುಳುಗುಳು ಅನ್ನುತ್ತಿರುತ್ತದೆ, ಕಾಫಿ ಮಾತ್ರ ಕುದಿಯುವುದಿಲ್ಲ.

ಇದಕ್ಕೆ ಉಪಾಯವೇನೋ ಇದೆ. ರಾತ್ರಿ ಕ್ಯಾನನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಬೇಕು, ಬೆಳಿಗ್ಗೆ ಹಚ್ಚುವ ಮುಂಚೆ ಕೈಗೆ ಹಿತವಾಗುವಷ್ಟು ಬೆಚ್ಚನೆಯ ನೀರಲ್ಲಿ ಎರಡು ನಿಮಿಷ ನಿಲ್ಲಿಸಬೇಕು. ಕುದಿಯುವ ನೀರು ಬೇಡ, ಬೆಂಕಿ ಹತ್ತಿರವಂತೂ ಬೇಡವೇ ಬೇಡ. ಆ ಬೆಚ್ಚನೆಯ ನೀರು ಕಾಯಿಸಲು ಇನ್ನೊಂದು ಸ್ಟೌ ಬೇಕಲ್ಲ ಅಂದರೆ, ಹೌದು, ಫ್ಲಾಸ್ಕಲ್ಲಿ ಹಿಂದಿನ ರಾತ್ರಿಯೇ ತುಂಬಿಟ್ಟಿರಬೇಕು.

ನಮ್ಮವರು ಮಾಡುವ ಇನ್ನೊಂದು ಎಡವಟ್ಟು ದೋಸೆ ಕಾವಲಿ. ಪೆಟ್ಟಿಗೆಯಂಥ ಸ್ಟೌನಲ್ಲಿ ಕ್ಯಾನ್ ಮಲಗುವ ಗೂಡು ಬರ್ನರ್ ಪಕ್ಕದಲ್ಲೇ ಇರುತ್ತದೆ. ಅಗಲ ಕಾವಲಿ ಅದರ ಮೇಲೆ ಚಾಚಿಕೊಂಡರೆ ಶಾಖ ಕೆಳಗೆ ಬಡಿದು ಕ್ಯಾನ್ ಕಾಯುತ್ತದೆ. ಸುರಕ್ಷತೆಯ ಲಿವರ್ ಟಕ್ಕೆಂದು ಕ್ಯಾನನ್ನು ಬಿಡಿಸಿದರೆ ಅದೃಷ್ಟ. ಕ್ಯಾನಿನ ಬಾಯಂಚಿನ ಕಚ್ಚು ಮೇಲ್ಮುಖವಾಗಿಯೇ ಇರಬೇಕು, ಇಲ್ಲದಿದ್ದರೆ ಆವಿಯ ಬದಲು ದ್ರವವೇ ಬಂದು ಉರಿ ಭಗ್ಗೆಂದು ಏಳುತ್ತದೆ. ಸುಮಾರು 225 ಗ್ರಾಂ ಕ್ಯಾನ್ ಪೂರ್ತಿ ಉರಿಯಲ್ಲಿ ಒಂದೂವರೆ ಗಂಟೆ ಬಂದರೆ ಹೆಚ್ಚು. ನಾಲ್ಕು ಜನರಿಗೆ ಎರಡು ಹೊತ್ತು ಅಡುಗೆಯೆಂದರೆ ದಿನಕ್ಕೊಂದು ಕ್ಯಾನ್.

5 ಕೆ.ಜಿ. ಸಿಲಿಂಡರ್ ಉರಿಗೆ ಹೆಸರಿಡುವಂತಿಲ್ಲ. ಪ್ರೊಪೇನ್ ಬೆರೆತಿರುವುದರಿಂದ ಚಳಿಗೆ ಜಗ್ಗುವುದೂ ಕಡಿಮೆ. ಆದರೆ ಖಾಲಿಯಾದರೆ ನೇಪಾಳದಲ್ಲಿ ನಮ್ಮ ಕಂಪನಿ ಸಿಲಿಂಡರನ್ನು ಬದಲಿಸಿಕೊಡುವವರಿಲ್ಲ. ಕಬ್ಬಿಣ ಸೇರಿ ಹತ್ತು ಕೆ.ಜಿ. ದಾಟುವ ಭಾರ ಬೇರೆ. ಬೇಸಿಗೆಯಲ್ಲಿ ನಾಗಪುರದ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಗ್ಯಾಸ್ ಇಡುವುದು ನನಗೆ ಒಗ್ಗದು, ಕ್ಯಾನಿಗೂ ಇದೇ ಮಾತು.

ಇನ್ನು ಪಂಪ್ ಸ್ಟೌ. ಬರ್ನರ್ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿ, ಬರ್ನರ್ ಕೊಳವೆ ಚೆನ್ನಾಗಿ ಕಾಯುವವರೆಗೆ ಎರಡು ನಿಮಿಷ ಸುಮ್ಮನಿರಿ. ಅವಸರಪಟ್ಟು ಪಂಪ್ ಒತ್ತಿದರೆ ಹಳದಿ ಉರಿ ಆಳೆತ್ತರ ಏಳುತ್ತದೆ, ಪಾತ್ರೆಯೆಲ್ಲ ಮಸಿ. ಕಾದ ಮೇಲೆ ಹತ್ತು ಹದಿನೈದು ಸಲ ಒತ್ತಿದರೆ ನೀಲಿ ಉರಿ, ಆ ಭರ್ರೆಂಬ ಸದ್ದು. ಚಳಿ ಇದರ ತಂಟೆಗೆ ಬರುವುದಿಲ್ಲ, ಏಕೆಂದರೆ ಒತ್ತಡ ಕೊಡುವುದು ನಿಮ್ಮ ಕೈ.

ತೊಂದರೆ ಕೊಡುವುದು ಚರ್ಮದ ವಾಷರ್. ಒಣಗಿದರೆ ಪಂಪ್ ಹಿಡಿಯುವುದಿಲ್ಲ. ಊರಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ. ಅಲ್ಲಿನ ಚಳಿಗೆ ಎಷ್ಟೇ ಒಳ್ಳೆಯ ತಿಪಟೂರು ಎಣ್ಣೆಯಾದರೂ ಗಟ್ಟಿಯಾಗಿ ಬೆಣ್ಣೆಯಾಗಿರುತ್ತದೆ. ಕಡಲೆಕಾಯಿ ಎಣ್ಣೆ ಅಥವಾ ಎಂಜಿನ್ ಆಯಿಲ್ ಇಟ್ಟುಕೊಳ್ಳಿ. ಒಂದೆರಡು ವಾಷರ್, ಬರ್ನರ್ ತೂತು ಬಿಡಿಸುವ ಹತ್ತು ಪಿನ್ ತುಮಕೂರಿನ ಮಂಡಿಪೇಟೆಯ ಹಳೇ ಅಂಗಡಿಗಳಲ್ಲಿ ಕೇಳಿ ನೋಡಿ. ಸೀಮೆಎಣ್ಣೆ ಕ್ಯಾನನ್ನು ಮುಕ್ಕಾಲು ಮಾತ್ರ ತುಂಬಿ. ಮೇಲೆ ಹತ್ತಿದಂತೆ ಅದು ಉಬ್ಬಿ ಮುಚ್ಚಳದಲ್ಲಿ ಜಿನುಗಿದರೆ ಅಕ್ಕಿ, ಹಾಸಿಗೆ ಎಲ್ಲಾ ಸೀಮೆಎಣ್ಣೆ ವಾಸನೆ. ಹೊರಡುವಾಗ ಸ್ಟೌ ಟ್ಯಾಂಕ್ ಬರಿದು ಮಾಡಿ. ಜೋರು ಉರಿಯಲ್ಲಿ ಲೀಟರಿಗೆ ಸುಮಾರು ನಾಲ್ಕು ಗಂಟೆ ಲೆಕ್ಕ ಹಿಡಿಯಬಹುದು. ಎಣ್ಣೆ ಮುಗಿದರೆ ಪೋಖರಾದಲ್ಲೇ ವಿಚಾರಿಸಿ, ನೇಪಾಳಿಯಲ್ಲಿ ಅದಕ್ಕೆ ಮಟ್ಟಿತೇಲ್ ಅನ್ನುತ್ತಾರೆ.

ಕಾಳಿಗಂಡಕಿ ಕಣಿವೆಯಲ್ಲಿ ಹನ್ನೊಂದು ಗಂಟೆ ಮೇಲೆ ಗಾಳಿ ಬೀಸತೊಡಗಿದರೆ ಯಾವ ಸ್ಟೌವೂ ನಿಲ್ಲುವುದಿಲ್ಲ, ಮಧ್ಯಾಹ್ನದ ಅಡುಗೆ ಬೆಳಿಗ್ಗೆಯೇ ಮುಗಿಸಿ. ಟೆಂಟಿನೊಳಗೆ ಯಾವುದನ್ನೂ ಹಚ್ಚಬೇಡಿ, ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ.

ಮೂರು ಲೀಟರ್ ಕುಕ್ಕರ್ ಬೇಕೇಬೇಕು. ಮುಕ್ತಿನಾಥದ 3,700 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಗಂಟೆಗಟ್ಟಲೆ ಕುದಿದರೂ ಕಲ್ಲು. ಕುಕ್ಕರಲ್ಲೂ ಎರಡು ವಿಷಲ್ ಹೆಚ್ಚು ಕೂಗಿಸಿ. ಮುದ್ದೆಗೆ ಈ ತಾಪತ್ರಯವಿಲ್ಲ, ರಾಗಿಹಿಟ್ಟು ಬೇಯಲು ಅಷ್ಟು ಬಿಸಿ ಸಾಕು, ಮುಚ್ಚಿಟ್ಟು ಸ್ವಲ್ಪ ಹೊತ್ತು ಜಾಸ್ತಿ ಬಿಡಿ.

ಪೋಖರಾದವರೆಗೆ ಮಾತ್ರ ಹೋಗಿ, ದಿನಕ್ಕೆರಡು ಸಲ ಟೀ ಕಾಯಿಸುವವರಿಗೆ ಬ್ಯುಟೇನೇ ಸಾಕು, ಕೈಗೆ ಮಸಿಯಿಲ್ಲ. ಎರಡು ಹೊತ್ತೂ ಮುದ್ದೆ, ಸಾರು ಆಗಲೇಬೇಕು, ದಿನಕ್ಕೊಂದು ಕ್ಯಾನಿಗೆ ದುಡ್ಡು ಸುರಿಯಲು ಮನಸ್ಸಿಲ್ಲ ಅನ್ನುವ ನನ್ನಂಥವರು ಪಂಪ್ ಸ್ಟೌ ಒಯ್ಯಿರಿ. ಅದೂ ಮುನಿಸಿಕೊಂಡ ದಿನಕ್ಕೆ ಒಂದು ಕೆ.ಜಿ. ಹುರಿಹಿಟ್ಟು, ನಾಲ್ಕು ಅಚ್ಚು ಬೆಲ್ಲ ಡಿಕ್ಕಿಯಲ್ಲಿರಲಿ.